ಹಕ್ಕಿಯತ್ತ ಓಡಿದ ಕುರಿಗಳು

ಹೊಸದುರ್ಗದಲ್ಲಿ ಮೇಷ್ಟ್ರಾಗಿದ್ದಾಗ ಜಿಲ್ಲೆಯ ಒಂದು ಪುಟ್ಟ ಪತ್ರಿಕೆಗೆ ವಾರಕ್ಕೊಂದು ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ಹೊಗಳುವುದು ನನಗೆ ಅಷ್ಟಾಗಿ ಬರುತ್ತಿರಲಿಲ್ಲ, ಬೈಯುವುದು ಚೆನ್ನಾಗಿ ಬರುತ್ತಿತ್ತು. ಓದುವವರಿಗೂ ಅದೇ ಬೇಕಿತ್ತು. ಹಾಗಾಗಿ ಬಸ್ ಸ್ಟ್ಯಾಂಡ್ ಪಕ್ಕದ ಸಿಡಿ ಅಂಗಡಿಯವನು, "ಇದು ಟಾಕೀಸಿಗೇ ಬರ್ಲಿಲ್ಲ ಸಾರ್, ಸೀದಾ ಡಿವಿಡಿಗೆ ಬಂದೈತೆ" ಎಂದು ಒಂದು ಮಾಯಾಲೋಕದ ಚಿತ್ರವನ್ನು ಕೈಗಿಟ್ಟಾಗ ನನಗೆ ಹಬ್ಬವೇ ಆಯಿತು.

ಶಾಪ ಹೊತ್ತ ಒಬ್ಬ ರಾಣಿ, ಕಳೆದುಹೋದ ಮಗು, ಕುರಿಗಳನ್ನು ಎತ್ತಿಕೊಂಡು ಹೋಗುವ ರಾಕ್ಷಸ ಹಕ್ಕಿ, ಇಷ್ಟು ಕಥೆ. ರಾಣಿ ಎರಡೂವರೆ ಗಂಟೆ ಅಳುತ್ತಾಳೆ, ನೋಡುವವರ ಕಣ್ಣು ಮಾತ್ರ ಒದ್ದೆಯಾಗುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಆ ಹಕ್ಕಿ ಹದ್ದೋ ಹುಂಜವೋ ಮಾಡಿದವರಿಗೇ ಗೊತ್ತಿದ್ದಂತಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಿದ್ದಾರೆ ಎಂದು ಬರೆದೆ. ಕೊನೆಗೆ ಇನ್ನೊಂದು ಏಟು ಸೇರಿಸಿದೆ: "ಕುರಿ ತಿನ್ನುವ ಹಕ್ಕಿ ಬಂಡೆಯ ಮೇಲೆ ಬಂದು ಕೂತರೆ ಈ ಚಿತ್ರದ ಕುರಿಗಳು ದಿಕ್ಕಾಪಾಲಾಗುವ ಬದಲು ಅದರ ಕಾಲಬುಡಕ್ಕೇ ಓಡಿಬರುತ್ತವೆ. ನಿರ್ದೇಶಕರಿಗೆ ಕುರಿಯಷ್ಟೂ ಬುದ್ಧಿಯಿಲ್ಲ." ಹೋಟೆಲಿನಲ್ಲಿ ಆ ವಾಕ್ಯವನ್ನು ನಾಲ್ಕು ಜನ ನನಗೇ ಓದಿ ಹೇಳಿ ನಕ್ಕರು. ನಾನೂ ಉಬ್ಬಿಹೋದೆ.

ಮುಂದಿನ ಭಾನುವಾರ ಮಧ್ಯಾಹ್ನ ಕುರಿಗಾರ ಯಜಮಾನರು ಮನೆಗೆ ಬಂದರು. ಬೇಸಿಗೆಯಲ್ಲಿ ನಮ್ಮ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಿದ್ದವರು. ಅವರ ಹೆಂಡತಿಯೂ ಜೊತೆಗೆ ಬಂದು ನಮ್ಮ ಜಗಲಿಯ ಮೇಲೆ ಕೂತು ಟೀ ಕುಡಿದು, ನನ್ನ ಹೆಂಡತಿಯನ್ನು ನಗಿಸಿ ಹೋಗುತ್ತಿದ್ದರು. ಹೋದ ವರ್ಷ ಆಕೆ ತೀರಿಕೊಂಡಿದ್ದರು. ಯಜಮಾನರು ಅವತ್ತು ಮದುವೆಗೆ ಹೊರಟವರ ಹಾಗೆ ಒಗೆದ ಪಂಚೆ ಉಟ್ಟು, ಹೊಸ ಟವೆಲ್ಲು ಹೊದ್ದಿದ್ದರು.

"ಮೇಷ್ಟ್ರೆ, ಅದ್ಯಾವುದೋ ಹಕ್ಕಿ ಸಿನಿಮಾ ಬಗ್ಗೆ ಪೇಪರ್ನಾಗೆ ಬರ್ದೀರಂತೆ. ಅದ್ರಾಗೆ ನಮ್ಮ ಕುರಿ ಅವೆ. ನಮ್ಮನೆಯಾಕೇನೂ ಐದಾಳೆ. ಒಂದ್ಸಲ ತೋರಿಸ್ರಿ."

ಮೂರು ವರ್ಷದ ಹಿಂದೆ ಹಾಲುರಾಮೇಶ್ವರದ ಕಡೆಯ ಗುಡ್ಡದಲ್ಲಿ ಶೂಟಿಂಗ್ ನಡೆದಿತ್ತಂತೆ. ಸಿನಿಮಾದವರು ಎಷ್ಟು ಕೂಗಿದರೂ ಕುರಿಗಳು ತಲೆ ಎತ್ತಲಿಲ್ಲವಂತೆ. ಆಗ ಅವರ ಹೆಂಡತಿ ಬಂಡೆ ಹತ್ತಿ ನಿಂತು ಕರೆದರಂತೆ. "ಅವ್ಳದು ಓಟಿನ ಕಾರ್ಡಿನಾಗೆ ಒಂದೇ ಒಂದು ಫೋಟೋ ಐತೆ. ಅದ್ರಾಗೆ ಹೆದ್ರಿಕೊಂಡಿರೋಳ ಹಂಗೆ ಕಾಣ್ತಾಳೆ, ಅವ್ಳಲ್ಲ ಅನ್ನಿಸ್ತೈತೆ" ಎಂದರು.

ನಾನು ಚಿತ್ರವನ್ನು ಎರಡು ಸಲ ನೋಡಿದ್ದೆ. ಆಕೆ ಅದರಲ್ಲಿ ಎಲ್ಲೂ ಇರಲಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ಆ ಒಗೆದ ಪಂಚೆ ನೋಡಿ ಬಾಯಿ ಬರಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನನ್ನದು. ಕುರ್ಚಿ ಬೇಡವೆಂದು ಅವರು ಟಿವಿಯ ಮುಂದೆ ನೆಲದ ಮೇಲೇ ಕೂತರು. ನಾನು ಡಿವಿಡಿ ಹಾಕಿ, ರಾಣಿಯ ಅಳುವನ್ನೆಲ್ಲ ಓಡಿಸಿ, ಕುರಿಗಳ ಹತ್ತಿರ ನಿಲ್ಲಿಸಿದೆ.

ಗುಡ್ಡ, ಮೇಯುವ ಕುರಿಗಳು, ಮೇಲೊಂದು ಬಂಡೆ. ಬಂಡೆಯ ಮೇಲೆ ಆ ದರಿದ್ರ ಹಕ್ಕಿ ಬಂದು ಕೂತಿತು. ಕುರಿಗಳು ಒಮ್ಮೆಲೇ ತಲೆ ಎತ್ತಿದವು, ಆಮೇಲೆ ಅದರತ್ತ ಓಡತೊಡಗಿದವು.

"ಅಲ್ಲೇ! ಆ ಬಂಡೆ ಮ್ಯಾಲೇ ನಿಂತಿದ್ಲು!" ಯಜಮಾನರು ಮಂಡಿಯೂರಿ ಎದ್ದರು. ಕತ್ತನ್ನು ಪಕ್ಕಕ್ಕೆ ವಾಲಿಸಿ ಹಕ್ಕಿಯ ಹಿಂದೆ ಇಣುಕಿ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ರಿಮೋಟನ್ನು ನೋಡಿ, "ಈ ಹಕ್ಕೀನ ಒಂಚೂರು ಅತ್ಲಾಗೆ ಸರಿಸ್ರಿ ಮೇಷ್ಟ್ರೆ" ಎಂದರು.

ಆ ರಿಮೋಟಿನಲ್ಲಿ ನಿಲ್ಲಿಸಬಹುದಿತ್ತು, ಹಿಂದಕ್ಕೆ ಓಡಿಸಬಹುದಿತ್ತು, ಅಷ್ಟೆ. ಹಕ್ಕಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸಿದ್ದಾರೆ, ಅದನ್ನು ತೆಗೆಯಲು ನನ್ನಿಂದಾಗುವುದಿಲ್ಲ ಎಂದು ತೊದಲುತ್ತ ಹೇಳಿದೆ.

"ಹಂಗಾರೆ ಅವ್ಳು ಅದ್ರ ಹಿಂದೆ ಐದಾಳೆ?"

"ಹೂಂ" ಎಂದೆ.

"ಆಕೆ ಕರೆಯೋದು ಕೇಳಂಗಿಲ್ವಾ?"

ಅಲ್ಲಿ ಬರೀ ಡೊಳ್ಳು, ಪಿಟೀಲು. ಆಕೆಯ ದನಿಯನ್ನೂ ಅಳಿಸಿ ಹಾಕಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಅವರು ಮಾತ್ರ ಮತ್ತೆ ಹಾಕಿಸಿದರು. ಮತ್ತೆ, ಮತ್ತೆ. ಕುರಿಗಳು ತಲೆ ಎತ್ತುವ ಗಳಿಗೆಗೆ ಸರಿಯಾಗಿ, "ಈಗ ಕರೆದ್ಲು ನೋಡ್ರಿ" ಎನ್ನುತ್ತಿದ್ದರು. ಮೂರನೆಯ ಸಲಕ್ಕೆ ನನಗೂ ಅದು ಕಾಣಿಸಿತು: ಕುರಿಗಳು ಹಕ್ಕಿಯತ್ತ ಓಡುತ್ತಿರಲಿಲ್ಲ. ನಾನು ಅದನ್ನೇ ಊರೆಲ್ಲ ನಗುವಂತೆ ಬರೆದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಚ್ಚಾದದ್ದು ಎಲ್ಲಿಗೂ ಹೋಗುವುದಿಲ್ಲ, ಟೇಬಲ್ಲಿನ ಮೇಲೇ ಬಿದ್ದಿರುತ್ತದೆ.

ಹೊರಡುವಾಗ ಆ ಪೇಪರು ಅವರ ಕಣ್ಣಿಗೆ ಬಿತ್ತು. "ನೀವು ಬರ್ದಿದ್ದು ಓದ್ರಿ, ಕೇಳ್ಕೊಂಡು ಹೋಗ್ತೀನಿ."

ರಾಣಿಯ ಬಗ್ಗೆ ಓದಿದೆ, ಹದ್ದೋ ಹುಂಜವೋ ಎಂಬುದನ್ನು ಓದಿದೆ. "ಹಕ್ಕೀಗೆ ಸರಿಯಾಗಿ ಬೈದೀರಿ" ಎಂದು ಅವರು ತಲೆದೂಗಿದರು. ಕೊನೆಯ ಸಾಲುಗಳು ಬಂದವು. ಅವನ್ನು ಬಿಟ್ಟು ಪೇಪರು ಮಡಚಿದೆ.

ಅವರು ಇನ್ನೂ ಕಾಯುತ್ತಿದ್ದರು.

"ಕುರಿ ಬಗ್ಗೆ ಏನೂ ಬರೀಲಿಲ್ವಾ ಮೇಷ್ಟ್ರೆ?"

"ಇಲ್ಲ ಯಜಮಾನ್ರೆ."

"ಬರೀಬೇಕಿತ್ತು" ಎಂದರು, ಮೆಟ್ಟು ಹಾಕಿಕೊಳ್ಳುತ್ತ. "ಅಷ್ಟು ಚೆನ್ನಾಗಿ ಓಡಿ ಬಂದ್ವು."