ಕಲ್ಲವ್ವಕ್ಕನ ಕಾಲು ಮತ್ತು ಕ್ಲೋರೊಫಾರ್ಮು

ಮೊನ್ನೆ ಹುಕ್ಕೇರಿಯಲ್ಲಿ ಹಲ್ಲು ಕೀಳಿಸಲು ಕೂತಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಂದು ಹಲ್ಲಿಗೆ ಇಷ್ಟೊಂದು ನಡುಗುವ ನಾನು, ನೋಡಿ, ಕಲ್ಲವ್ವಕ್ಕನಂಥವಳ ಜೊತೆ ಬಾಳಿದವಳು!

ಕಲ್ಲವ್ವಕ್ಕ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಕುಲಗೋಡದ ಆ ಮನೆಗೆ ಸೊಸೆಯಾಗಿ ಬಂದೆ. ರೊಟ್ಟಿ ಬಡಿಯಲು ಕಲಿಸಿದವಳು ಅವಳೇ; ನನ್ನ ಸೊಟ್ಟ ರೊಟ್ಟಿಗಳನ್ನು ಅತ್ತೆಗೆ ಕಾಣದಂತೆ ಎಮ್ಮೆಗೆ ಹಾಕಿದವಳೂ ಅವಳೇ. ಒಂದು ಮಳೆಗಾಲ ಕಬ್ಬಿನ ಹೊಲದ ಬದುವಿನಿಂದ ಜಾರಿ ಅವಳ ಕಾಲು ಮುರಿಯಿತು. ಗಂಡಸರು ಅದುಮಿ ಹಿಡಿದರು, ನಾಟಿ ವೈದ್ಯ ಎಳೆದು ಕಟ್ಟಿದ. ಆ ಕೂಗು ಓಣಿಗೆಲ್ಲ ಕೇಳಿಸಿತು. ಆದರೂ ಎಲುಬು ಸೊಟ್ಟಗೇ ಕೂಡಿತು.

ಗೋಕಾಕದ ಡಾಕ್ಟರು ನೋಡಿ, "ಮತ್ತ ಮುರದು ಕೂಡಸಬೇಕು. ಕ್ಲೋರೊಫಾರ್ಮ್ ಕೊಡತೇವಿ, ನಿನಗ ಏನೂ ತಿಳಿಯಂಗಿಲ್ಲ ತಂಗಿ" ಅಂದರು.

"ಅದರ ವಾಸನಿ ತಗೊಂಡು ಏಳದಿದ್ರ? ಒಲಿ ಮುಂದ ಕುಂತು ರೊಟ್ಟಿ ಮಾಡು, ಸಾಕು" ಎಂದರು ಅತ್ತೆ, ನಾವು ಮನೆಗೆ ಮರಳಿ ಹೇಳಿದಾಗ.

"ಕುಂತು ಬಾಳೂದು ನನಗ ಆಗಂಗಿಲ್ರಿ ಅತ್ತಿ. ನಾ ಹೋಗಾಕಿನ."

ಮರುದಿನ ಕೋಲೂರಿ ಬಸ್ಸು ಹತ್ತಿಯೇಬಿಟ್ಟಳು. ಭಾವನವರು ಗಂಟು ಹೊತ್ತು ಬಂದರು, ಜೊತೆಗೆ ನಾನೂ. ದವಾಖಾನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ಬ್ಯಾನಿಗೆ ನಾ ಅಂಜಂಗಿಲ್ಲ. ಎಚ್ಚರ ಇಲ್ಲದಾಗ ಅತ್ತಿ ಬಗ್ಗೆ ಬಾಯಿಗೆ ಏನರ ಬಂದೀತು. ನೀ ಬಾಜೂಕ ನಿಂದ್ರು. ಆದರ ಏನೂ ಕೇಳಿಲ್ಲ, ಹಾಂ?"

ಮೂಗಿನ ಮೇಲೆ ಬಟ್ಟೆಯ ಮುಸುಕು, ಅದರ ಮೇಲೆ ಹನಿಹನಿಯಾಗಿ ಔಷಧ. ಸಿಹಿಸಿಹಿಯಾದ ವಾಸನೆ. ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅತ್ತೆಯ ಸುದ್ದಿ ಬರಲಿಲ್ಲ. "ಬಿಡ್ರಿ... ನನ್ನ ಹಿಡೀಬ್ಯಾಡ್ರಿ..." ಎಂದು ತೊದಲಿದಳು.

"ಯಾರೂ ಹಿಡದಿಲ್ಲ ತಂಗಿ. ನೀನ ಬಂದು ಮಕ್ಕೊಂಡೀದಿ" ಅಂದರು ಡಾಕ್ಟರು.

ಬೆರಳುಗಳು ಸಡಿಲಾದವು. ಅವಳ ಕೈ ಯಾವ ಕೆಲಸವೂ ಇಲ್ಲದೆ ಬಿದ್ದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಹೊರಗೆ ಕಳಿಸಿದರು. ಕಿವಿ ಮುಚ್ಚಿಕೊಂಡು ನಿಂತೆ. ತಡೆಯಲಾರದೆ ಕೈ ತೆಗೆದೆ. ಒಳಗಿನಿಂದ ಯಾವ ಕೂಗೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಪಟ್ಟಿ ಬಿಚ್ಚಿ, ಕಾಲಿಗೆ ಬಲ ಬಂದ ಮೇಲೆ ಒಂದು ದಿನ ಅಕ್ಕ ಬುತ್ತಿಗಂಟನ್ನು ತಲೆಯ ಮೇಲಿಟ್ಟು ಹೊಲಕ್ಕೆ ಹೊರಟಳು. ತುಸು ಕುಂಟು ಉಳಿದಿತ್ತು. ಅತ್ತೆ ಬಾಗಿಲಲ್ಲಿ ನಿಂತು ಅವಳು ಮರೆಯಾಗುವವರೆಗೂ ನೋಡಿದರು.

"ಸಾವಕಾಶ ನಡಿ ಅಕ್ಕಾ" ಎಂದೆ.

"ನೀನ ಜಲ್ದಿ ಬಾ!"

ನೋವು ನುಂಗುವುದೇ ಗಟ್ಟಿತನ ಎಂದುಕೊಂಡು ಬೆಳೆದವಳು ನಾನು. ನೋವು ಬೇಡ, ಆದರೆ ನಡೆಯಲೇಬೇಕು ಎಂದು ಹಟ ಹಿಡಿದವಳನ್ನು ಕಂಡದ್ದು ಅವಳೊಬ್ಬಳನ್ನೇ. ಮೊನ್ನೆ ಹುಕ್ಕೇರಿಯಲ್ಲಿ, ಒಸಡು ಮರಗಟ್ಟಿಸುವ ಸೂಜಿ ಹಿಡಿದು ಕಾಯುತ್ತಿದ್ದ ಹುಡುಗ ಡಾಕ್ಟರಿಗೆ, "ಹೂಂ, ನಡೀಲಿ" ಎಂದು ಬಾಯಿ ತೆರೆದೆ.