ರಂಜಣಿಗೆಯೊಳಗೆ ಇಪ್ಪತ್ತೆಂಟು ಡಿಗ್ರಿ

ಮಾಣಿಕನಗರದ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಧೂಳಮ್ಮ ಆಗಲೇ ಸೋನುಬಾಯಿಯವರ ಅಂಗಳದ ದೊಡ್ಡ ಮಣ್ಣಿನ ರಂಜಣಿಗೆಯೊಳಗೆ ಬ್ಯಾಟರಿ ಬೆಳಕು ಬಿಟ್ಟು ಇಣುಕುತ್ತಿದ್ದಾರೆ. ಒಂದು ಸೌಟು ನೀರನ್ನು ಬಿಳಿ ತಟ್ಟೆಗೆ ಸುರಿಯುತ್ತಾರೆ. ಸೊಳ್ಳೆಯ ನಾಲ್ಕು ಮರಿಹುಳು ಒದ್ದಾಡುತ್ತಿವೆ. ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟು, ವಹಿಯಲ್ಲಿ ಎರಡು ಅಂಕಿ ಬರೆದುಕೊಳ್ಳುತ್ತಾರೆ.

“ಈಗರೆ ತುಂಬೀನಿ, ಚೆಲ್ಲಬ್ಯಾಡ ಯವ್ವಾ,” ಎಂದು ಸೋನುಬಾಯಿ ಗೊಣಗುತ್ತಾರೆ.

“ನೀ ತುಂಬಿದ್ದು ಮ್ಯಾಲಿಂದು. ತಳದಾಗಿಂದು ಯಾವಾಗಿಂದು, ಹೇಳ ನೋಡೂಣು.”

ರಂಜಣಿಗೆ ಬರಿದಾಗಬಾರದೆಂದು ಇಲ್ಲಿ ದಿನವೂ ಮೇಲಿಂದ ಮೇಲೆ ನೀರು ಹೊಯ್ಯುತ್ತಾರೆ, ತಳ ತಿಕ್ಕುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಧೂಳಮ್ಮ ಬೇಮಳಖೇಡದಲ್ಲಿ ಆಡು ಕಾಯುತ್ತಿದ್ದವರು. ಹುಮನಾಬಾದಿಗೆ ಬಂದು ಸೊಳ್ಳೆಮರಿ ಹುಡುಕುವ ಗುತ್ತಿಗೆ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ದಿನಕ್ಕೆ ಅರವತ್ತು ಮನೆ. “ಆಡು ಎಣಿಸಿದಾಕಿಗಿ ಹುಳ ಎಣಿಸೋದೇನ್ ದೊಡ್ಡದಲ್ಲರಿ. ಮಂದಿ ಬಾಗಲಾ ತೆಗಿಬೇಕಲ್ಲ, ಅದೇ ಕಷ್ಟ,” ಎಂದು ನಗುತ್ತಾರೆ.

ಆದರೆ ಹೋದ ವರ್ಷದ ಮೇ ತಿಂಗಳ ಮಾತು ತೆಗೆದರೆ ಆ ನಗು ಮಾಯ. ಅವರ ಅಂಕಿಗಳು ಬಸವಕಲ್ಯಾಣದ ಸಂಶೋಧಕಿ ಪೂನಂ ಕೈಗೆ ಹೋಗುತ್ತವೆ. ಬಿಸಿಲು ಏರಿದಂತೆ ಸೊಳ್ಳೆ ಎಷ್ಟು ಹೆಚ್ಚುತ್ತದೆ, ಎಷ್ಟು ಕುಗ್ಗುತ್ತದೆ ಎಂದು ಮುಂಚೆಯೇ ಹೇಳುವ ಗಣಿತ ಮಾದರಿ ಪೂನಂ ಅವರದು. ಹೊರಗೆ ನಲವತ್ತೆರಡು ಡಿಗ್ರಿ ಇದ್ದಾಗ ಅರವತ್ತರಲ್ಲಿ ಮೂರು ಮನೆಯಲ್ಲಿ ಮರಿ ಸಿಕ್ಕರೆ ಹೆಚ್ಚು ಎಂದಿತು ಕಂಪ್ಯೂಟರ್. ಧೂಳಮ್ಮನ ವಹಿಯಲ್ಲಿ ಹತ್ತೊಂಬತ್ತು! ಮೇಲಿನವರಿಂದ ಫೋನು ಬಂತು: “ಮನ್ಯಾಗ ಕುಂತು ಬರದೀರೇನ್ರಿ?” ಇಡೀ ತಿಂಗಳ ಅಂಕಿಗಳ ಮೇಲೆ ಗೀಟು ಬಿತ್ತು. ಕೆಲಸವೂ ಹೋಗುವ ಮಾತು ಕೇಳಿಬಂತು.

“ಆ ದಿನ ಹೊಟ್ಟಿಗಿ ರೊಟ್ಟಿ ಹೋಗಲಿಲ್ಲರಿ. ಬಿಸಲಾಗ ತಿರುಗಿ ಅಂಗಾಲು ಸುಟ್ಟಾವ, ಮ್ಯಾಲ ಸುಳ್ಳಬುರುಕಿ ಅನಿಸ್ಕೊಂಡೆ.”

ಅತ್ತು ಕೂರುವ ಜೀವವಲ್ಲ ಇದು. ಮರುದಿನವೇ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ ಪೂನಂ ಅವರನ್ನು ಕರೆತಂದರು. ಬೇವಿನ ನೆರಳು, ಹಸಿ ಗೋಣಿತಾಟು ಸುತ್ತಿದ ರಂಜಣಿಗೆ. “ಕೈ ಹಾಕಿ ನೋಡ್ರಿ ಮೇಡಂ.” ನೀರು ತಣ್ಣಗಿತ್ತು. ಅಳೆದರೆ ಬರೀ ಇಪ್ಪತ್ತೆಂಟು ಡಿಗ್ರಿ. ನಾವು ಕುಡಿಯಲೆಂದು ತಂಪು ಮಾಡಿಟ್ಟ ನೀರಿನಲ್ಲೇ ಸೊಳ್ಳೆಯೂ ಬಾಣಂತನ ನಡೆಸಿತ್ತು.

“ತಪ್ಪು ಅಕ್ಕನ ವಹ್ಯಾಗ ಇರಲಿಲ್ಲ, ನನ್ನ ಲೆಕ್ಕದಾಗಿತ್ತು,” ಎಂದು ಪೂನಂ ಒಪ್ಪುತ್ತಾರೆ. “ನಾ ಗಾಳಿ ಬಿಸಿ ಹಿಡದಿದ್ದೆ. ಮರಿ ಬೆಳಿಯೋದು ನೀರಾಗ.”

ಗೀಟು ಬಿದ್ದ ಅಂಕಿಗಳು ಮರಳಿ ಬಂದವು. ಥರ್ಮಾಮೀಟರೂ ಬಂತು. ಈಗ ನೀರಿನ ತಾಪ ನೋಡಿ, ಯಾವ ಓಣಿಯಲ್ಲಿ ಸೊಳ್ಳೆ ಏಳಲಿದೆ ಎಂದು ಪೂನಂ ವಾರ ಮೊದಲೇ ತಿಳಿಸುತ್ತಾರೆ. ಧೂಳಮ್ಮ ಹೋಗಿ ಮುಂದೆ ನಿಂತು ರಂಜಣಿಗೆ ತಿಕ್ಕಿಸಿ, ಬಿಸಿಲಿಗೆ ಬೋರಲು ಹಾಕಿಸುತ್ತಾರೆ. ಬಸವಕಲ್ಯಾಣದಲ್ಲೂ ನಾಲ್ವರು ಹೆಂಗಸರಿಗೆ ಈ ಕೆಲಸ ಕಲಿಸಿದ್ದಾರೆ.

ಮೇ ತಿಂಗಳಿಗೆ ಇನ್ನು ಮೂರು ವಾರ. ಸೋನುಬಾಯಿ ಕೊನೆಗೂ ರಂಜಣಿಗೆ ಬಗ್ಗಿಸುತ್ತಾರೆ. ಏನು ಆಸೆ ಎಂದು ಕೇಳಿದರೆ ಧೂಳಮ್ಮ ವಹಿಯನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ.

“ಈ ಸಲ ವಹಿ ತುಂಬ ಸೊನ್ನಿ ಬರೀಬೇಕಂತ ಆಸಿ ಅದರಿ. ಆಗೂ ಮನ್ಯಾಗ ಕುಂತು ಬರದಾಳ ಅಂತಾರ. ಅನ್ನಲಿ ಬಿಡ್ರಿ.”