ಸಾವಕ್ಕನ ಬದಲಿ ಕೆಲಸ

"ಸಾವಕ್ಕ ಓಟಿನ ದಿನ ಪುಕ್ಕಟೆ ಭಾಂಡೆ ತಿಕ್ಕತಾಳಂದ್ರ ಯಾರೋ ರೊಕ್ಕ ಕೊಟ್ಟಿರಬೇಕು" ಎಂದು ಓಣಿಯ ಮನೆಗೆಲಸದ ಹೆಂಗಸರು ನಳದ ಮುಂದೆ ಆಡಿಕೊಳ್ಳುತ್ತಿದ್ದರು. "ರೊಕ್ಕ ಎಲ್ಲೀದು? ನಾವು ಕೆಲಸಕ್ಕ ಹಿಡಿದ ಮನಿ ಕಸಗೊಳ್ಳಾಕ ಹೊಂಚ ಹಾಕ್ಯಾಳ" ಎನ್ನುವವರೂ ಇದ್ದರು. ಖರೇ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅನುಮಾನಕ್ಕೆ ಮಾತ್ರ ಬರವಿರಲಿಲ್ಲ.

ಉಣಕಲ್ಲಿನ ಸಾವಕ್ಕನಿಗೆ ಐವತ್ತು ದಾಟಿತ್ತು. ಕೇಶ್ವಾಪುರದ ಎರಡು ಮನೆಗಳಲ್ಲಿ ಕೆಲಸ. ಮತದಾನದ ದಿನ ಊರಿಗೆಲ್ಲ ರಜೆಯಾದರೆ ಮನೆಗೆಲಸದವರಿಗೆ ದುಪ್ಪಟ್ಟು ದುಡಿತ. ಮಂದಿಯೆಲ್ಲ ಮನೆಯಲ್ಲೇ, ಮೇಲೆ ನೆಂಟರು, ಪಾತ್ರೆಗಳ ಗುಡ್ಡ. ಸಾವಕ್ಕ ತನ್ನ ಮನೆಗಳಿಗೆ ಸಂಜೆ ಬರುತ್ತೇನೆಂದು ಹೇಳಿ, ಏಳಕ್ಕೇ ಓಟು ಹಾಕಿ, ಆಮೇಲೆ ಓಣಿಯ ಬೇರೆ ಕೆಲಸದವರಲ್ಲಿ ಒಬ್ಬೊಬ್ಬರ ಬದಲು ಒಂದೊಂದು ತಾಸು ನಿಂತು ಅವರನ್ನು ಮತಗಟ್ಟೆಗೆ ಅಟ್ಟುತ್ತಿದ್ದಳು.

ಈ ಸಲ ಅದೇ ಓಣಿಯ ರೆಹಮತ್‌ಬಿಯನ್ನು, ನಿನ್ನ ಬದಲು ನಿಲ್ಲಲೇ ಎಂದು ಕೇಳಿದಳು. ಒಬ್ಬಳು ಹಿಡಿದ ಮನೆಯಲ್ಲಿ ಇನ್ನೊಬ್ಬಳು ಕಾಲಿಡಬಾರದೆನ್ನುವುದು ಕೆಲಸದವರ ರೂಢಿ. ಹಿಂದೊಮ್ಮೆ ರೆಹಮತ್‌ಬಿಗೆ ಜ್ವರ ಬಂದಾಗ ಬದಲಿಗೆ ಹೋದವಳೇ ಆಕೆಯ ಒಂದು ಮನೆ ನುಂಗಿದ್ದಳು. ಉಳಿದದ್ದು ಮೃಣಾಲಿನಿ ಬಾಯಿಯವರದೊಂದೇ. ಓಟನ್ನಾದರೂ ಹೇಗೆ ಬಿಡುವುದು? ಕಳೆದ ಸಲ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಆಫೀಸಿನಿಂದ ಆಫೀಸಿಗೆ ಅಲೆದು ಸೇರಿಸಿಕೊಂಡಿದ್ದಳು.

"ಇದರಾಗ ನಿನಗೇನ್ ಸಿಗತೈತಿ?"

"ನಿನ್ನ ಬೈಗಳಾ!" ಸಾವಕ್ಕ ನಕ್ಕಳು. "ಹೊಂಟೀಯೋ, ಇಲ್ಲಾ ಪೊಲೀಸರಂಗ ವಿಚಾರಣಿ ಮಾಡ್ಕೋತ ನಿಲ್ಲತೀಯೋ?"

ರೆಹಮತ್‌ಬಿ ಒಪ್ಪಿದಳು, ಒಳಗೊಳಗೇ ಒಂದು ಹಂಚಿಕೆ ಹಾಕಿಕೊಂಡು. ಮೃಣಾಲಿನಿಯವರಿಗೆ ಹಸಿ ಪಾತ್ರೆ ಕಂಡರಾಗದು, ಒರೆಸಿಯೇ ಇಡಬೇಕು. ಈಕೆ ಉಲ್ಟಾ ಹೇಳಿದಳು: "ಒರಸಬ್ಯಾಡ, ಬಾಯಾರಿಗೆ ಸೇರಂಗಿಲ್ಲ. ಹಸೀವ ಕಪಾಟಿನ್ಯಾಗ ಇಟ್ಟಬಿಡು."

ಸಾವಕ್ಕ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. "ಆತು" ಎಂದಳು.

ಸರದಿಯಲ್ಲಿ ನಿಂತರೂ ರೆಹಮತ್‌ಬಿಯ ಜೀವವೆಲ್ಲ ಆ ಅಡುಗೆಮನೆಯಲ್ಲಿತ್ತು. ಗುಂಡಿ ಒತ್ತಿ, ಯಂತ್ರ ಕೂಗಿದ್ದೇ ತಡ, ಓಡೋಡಿ ಬಂದಳು.

ಒಳಗೆ ಮೃಣಾಲಿನಿ ಸಿಡಿಯುತ್ತಿದ್ದರು. "ಕಪಾಟೆಲ್ಲಾ ನೀರ ಮಾಡಿ ಇಟ್ಟಿಯಲ್ಲ! ಹಿಂಗ ಇಡು ಅಂತ ಯಾರ್ ಹೇಳ್ಯಾರ ನಿನಗ?"

ರೆಹಮತ್‌ಬಿ ಹೊಸ್ತಿಲಲ್ಲೇ ಕಲ್ಲಾದಳು. ಈಗ ತನ್ನ ಹೆಸರು ಬರುತ್ತದೆ, ಮನೆ ಹೋಗುತ್ತದೆ.

"ಯಾರೂ ಹೇಳಿಲ್ಲರಿ, ಬಾಯಾರ. ನನ್ನ ಕೆಲಸನ ಹಂಗರಿ" ಎಂದಳು ಸಾವಕ್ಕ.

"ರೆಹಮತ್, ಇನ್ನಮ್ಯಾಲೆ ಈಕೀನ್ನ ಕಳಸಬ್ಯಾಡ. ನಿನ್ನ ಕೆಲಸ ನೀನ ಮಾಡು."

ಅಂಗಳಕ್ಕೆ ಬಂದ ಮೇಲೆ ರೆಹಮತ್‌ಬಿ ಪಿಸುಗುಟ್ಟಿದಳು: "ನಿನಗ ಗೊತ್ತಿತ್ತೇನ?"

"ಮೂವತ್ತ ವರ್ಷ ಭಾಂಡೆ ತಿಕ್ಕೇನಿ. ಹಸೀ ತಾಟ ಬೇಕನ್ನೋ ಬಾಯಾರನ್ನ ಇನ್ನೂ ನೋಡಿಲ್ಲ."

"ಮತ್ತ ಯಾಕ ಹಂಗ ಇಟ್ಟಿ?"

"ಛಲೋ ಮಾಡಿ ಇಟ್ಟಿದ್ರ ನಿನಗ ನಿದ್ದಿ ಬರತಿತ್ತೇನ ಬೇ?"

ರೆಹಮತ್‌ಬಿ ಆಗಲೂ ಆ ಮುಖದಲ್ಲಿ ಇನ್ನೇನಾದರೂ ಇದೆಯೇ ಎಂದು ಹುಡುಕುತ್ತಿದ್ದಳು. ಸಾವಕ್ಕ ಒದ್ದೆ ಸೆರಗು ಹಿಂಡಿ, "ಕಾಶೀಬಾಯಿ ದಾರಿ ಕಾಯಾಕತ್ತಾಳ, ಹನ್ನೊಂದಕ್ಕ ಆಕೀನ್ನ ಓಟಿಗೆ ಬಿಡಸಬೇಕು" ಎಂದು ಚಪ್ಪಲಿ ಮೆಟ್ಟಿ ಗೇಟು ದಾಟಿದಳು. ಆ ಮನೆಗೆ ಆಕೆ ಬಂದದ್ದೂ ಹೋದದ್ದೂ ಅದೊಂದೇ ಸಲ.